ಹದಿನಾಲ್ಕು ಸೆಕೆಂಡಿಗೊಂದು ಸುತ್ತು

ಮಾರ್ಚ್ 9, ಬೆಳಿಗ್ಗೆ 7.40

ಟೇಪ್ ಮಷೀನಿನ ಹೆಡ್ ಒರೆಸಿದೆ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು — ಟೇಪು ಪುಡಿ ಬಿಡುತ್ತಿದೆ. ರಬ್ಬರ್ ರೋಲರ್ ಕಲ್ಲಿನಷ್ಟು ಗಟ್ಟಿ. ಮೂವತ್ತೊಂದನೇ ಲೂಪ್ ಹಾಕಿದೆ. ಎರಡೂಮುಕ್ಕಾಲು ಮೀಟರ್ ಟೇಪು, ತುದಿಗೆ ತುದಿ ಅಂಟಿಸಿದ್ದು. ಮಷೀನಿನಿಂದ ಹೊರಟು, ಕಿಟಕಿ ಕಟ್ಟೆಯ ಮೇಲಿನ ಖಾಲಿ ವೈನ್ ಬಾಟಲಿ ಸುತ್ತಿ, ಮೈಕ್ ಸ್ಟ್ಯಾಂಡ್ ಸುತ್ತಿ, ಮತ್ತೆ ಮಷೀನಿಗೆ. ಹದಿನಾಲ್ಕು ಸೆಕೆಂಡಿಗೊಂದು ಸುತ್ತು. ಬಂದರಿನ ಹಡಗಿನ ಕೂಗು, ಅರ್ಧ ವೇಗಕ್ಕೆ ಇಳಿಸಿದ್ದು. ಜನ ಚಾಪೆಯ ಮೇಲೆ ಮಲಗಿ ಕೇಳುವ ಸಂಗೀತ ನನ್ನದು. ಅರ್ಧ ಜನ ಗೊರಕೆ ಹೊಡೆಯುತ್ತಾರೆ. ಬೇಜಾರಿಲ್ಲ.

ನಿದ್ದೆ ಒಂದು ಗಂಟೆ ಇಪ್ಪತ್ತು ನಿಮಿಷ. ಮಗುವಿನ ತಪ್ಪಲ್ಲ. ಅವಳು ಮಲಗಿದ್ದಳು. ನಾನು ಅವಳ ಕಿವಿ ನೋಡುತ್ತ ಕೂತಿದ್ದೆ.

ಹುಟ್ಟಿದಾಗಿನ ಕಿವಿ ಟೆಸ್ಟಿನಲ್ಲಿ ಉತ್ತರ ಇಲ್ಲ. ಎರಡನೆಯದರಲ್ಲೂ ಇಲ್ಲ. ಎರಡೂ ಕಿವಿ. “ಒಳಗೆ ನೀರಿದ್ರೂ ಹೀಗೆ ಬರುತ್ತೆ, ಗಾಬರಿ ಬೇಡ” ಎಂದರು ಡಾಕ್ಟರಮ್ಮ. ದೊಡ್ಡ ಟೆಸ್ಟ್ ಏಪ್ರಿಲ್ ನಾಲ್ಕಕ್ಕೆ. ಇನ್ನೂ ಇಪ್ಪತ್ತಾರು ದಿನ. ಉರ್ಸುಲಳಿಗೆ ಇವತ್ತಿಗೆ ಮೂರು ತಿಂಗಳು. ಗಾಸ್ತೋನ್‌ಗೆ ಗೊತ್ತು, ಗಂಡನಲ್ಲವೆ. ಅತ್ತೆಗೆ ಹೇಳಿಲ್ಲ.

8.15

ನೋಡಿದಳು! ಅಂಟು ಹೆಡ್ ದಾಟುವಾಗ ‘ಟಪ್’ ಎನ್ನುತ್ತದಲ್ಲ — ಸರಿಯಾಗಿ ಆಗ. ಬುಟ್ಟಿಯಲ್ಲಿ ಮಲಗಿದ್ದವಳು ಕಣ್ಣು ಹೊರಳಿಸಿದಳು, ಮಷೀನಿನ ಕಡೆಗೆ. ಎಣಿಸಿದೆ. ಹದಿನೈದು ಸುತ್ತಿಗೆ ಹನ್ನೊಂದು ಸಲ.

ಲೂಪಿನ ಉದ್ದ ಬರೆದಿಡುವ ನೋಟ್‌ಬುಕ್ ಇದು. ಇನ್ನು ಪಕ್ಕದಲ್ಲಿ ಅವಳದನ್ನೂ ಬರೆಯುತ್ತೇನೆ. ಹನ್ನೊಂದು/ಹದಿನೈದು.

ಮಾರ್ಚ್ 11, ಸಂಜೆ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಿನ್ನೆ ಮೊನ್ನೆಯ ಸಂತೋಷವೇ ನಿಜ ಅಂತ ಉಳಿದುಬಿಡುತ್ತದೆ.

ಐದಕ್ಕೆ ಅತ್ತೆ ಬಂದರು, ಬಿಸಿ ಬ್ರೆಡ್ಡು, ಎರಡು ಬೆಣ್ಣೆಹಣ್ಣು ಹಿಡಿದು. ಬಾಗಿಲಲ್ಲೇ ಶುರು: “ಏ ಹಸಿಂತಾ, ಮತ್ತೆ ಆ ಗೋಳಾಟ ಹಚ್ಚಿದ್ದೀಯಾ? ಮೆಟ್ಟಿಲ ಕೆಳಗಿನವರೆಗೂ ಕೇಳಿಸ್ತದೆ. ಯಾರೋ ಸತ್ತವ್ರೆ ಅನ್ಕೊಂಡೆ.” ವಾಲ್ಯೂಮ್ ಪೂರ್ತಿ ಇಳಿಸಿದೆ. ಟೇಪು ಓಡುತ್ತಲೇ ಇತ್ತು, ಸದ್ದಿಲ್ಲದೆ.

ಉರ್ಸುಲ ಮತ್ತೆ ನೋಡಿದಳು. ಹದಿನಾಲ್ಕು ಸೆಕೆಂಡು. ಮತ್ತೆ.

ಅಂಟುಪಟ್ಟಿ ಬಿಳಿ. ಟೇಪು ಕಂದು. ಬಿಳಿ ಚುಕ್ಕೆ ಕಿಟಕಿಯ ಬೆಳಕಿನಲ್ಲಿ ಮಿಂಚಿ ಮಷೀನಿನೊಳಗೆ ಹೋಗುತ್ತದೆ. ಅದನ್ನು ನೋಡುತ್ತಿದ್ದಳು. ಕೇಳುತ್ತಿರಲಿಲ್ಲ, ನೋಡುತ್ತಿದ್ದಳು. ಹತ್ತು ವರ್ಷದಿಂದ ಟೇಪು ಅಂಟಿಸುತ್ತಿರುವ ನನಗೆ ಆ ಬಿಳಿ ಕಾಣುವುದೇ ಇಲ್ಲ.

“ನೋಡೇ, ನೋಡೇ, ಕಣ್ಣು ಎಷ್ಟು ಚುರುಕು!” — ಅತ್ತೆ ಚಪ್ಪಾಳೆ ತಟ್ಟಿ ನಕ್ಕರು. ನಾನು ಬೆಣ್ಣೆಹಣ್ಣು ಹೆಚ್ಚುತ್ತಾ ನಿಂತೆ.

ಮಾರ್ಚ್ 17, ಭಾನುವಾರ

ಮಷೀನೇ ನಿಂತಿತು. ಮೋಟರ್ ಗೊಣಗುತ್ತದೆ, ತಿರುಗುವುದಿಲ್ಲ. ದೋನ್ ಎವಾರಿಸ್ತೊ ಬಂದರು. ಮೊದಲು ಇಲ್ಲಿಯ ರೇಡಿಯೋ ಸ್ಟೇಷನ್ನಿನಲ್ಲಿ ಟೆಕ್ನಿಶಿಯನ್, ಈಗ ಎಪ್ಪತ್ತಾರು. ನನ್ನ ಎರಡೂ ಮಷೀನು ಅವರೇ ಕೊಟ್ಟಿದ್ದು. ಗುಡ್ಡ ಹತ್ತಿ ಬಂದು ಐದು ನಿಮಿಷ ಬೈಯುತ್ತಾರೆ, ಆಮೇಲೆ ಪೆಟ್ಟಿಗೆ ಬಿಚ್ಚುತ್ತಾರೆ.

ಕೆಪಾಸಿಟರ್ ಬೆಸುಗೆ ಹಾಕುವಾಗ ಎಲ್ಲ ಹೇಳಿಬಿಟ್ಟೆ. ಯಾಕೋ. ಅವರು ತಲೆ ಎತ್ತಲಿಲ್ಲ.

“ರೇಡಿಯೋ ಕೆಟ್ಟಾಗ ಏನ್ ಮಾಡ್ತೀವಿ ಮಗಳೇ? ಒಂದೊಂದೇ ತಂತಿ ತೆಗೀತೀವಿ. ಕಣ್ಣು ಒಂದು ತಂತಿ. ಅದನ್ನ ತೆಗಿ.”

“ತೆಗೆದೂ ಉತ್ತರ ಬರದೇ ಹೋದ್ರೆ?”

“ಯಾವ ತಂತಿ ಅಂತಾದ್ರೂ ಗೊತ್ತಾಗ್ತದಲ್ಲ. ಆ ಸ್ಕ್ರೂಡ್ರೈವರ್ ಕೊಡು. ಅದಲ್ಲ, ಚಿಕ್ಕದು.”

ಮಷೀನು ಹಿಂದಿನ ಕೋಣೆಗೆ ಹೋಯಿತು. ಬಾಗಿಲು ಹಾಕಿದರೆ ಏನೂ ಕಾಣದು.

ಮಾರ್ಚ್ 18, 11.00

ತಗಡಿನ ಡಬ್ಬಿ ಬಡಿದು ರೆಕಾರ್ಡ್ ಮಾಡಿ ಲೂಪ್ ಮಾಡಿದೆ. ಹಿಂದಿನ ಕೋಣೆಯಲ್ಲಿ, ಬಾಗಿಲು ಮುಚ್ಚಿ. ‘ಧಂ’ ಎಂದಾಗಲೆಲ್ಲ ಅವಳ ಕಾಲ್ಬೆರಳು ಅರಳಿದವು. ಹದಿನೈದಕ್ಕೆ ಹದಿಮೂರು!

11.30

ಅಂಗೈ ನೆಲದ ಮೇಲಿಟ್ಟು ನೋಡಿದೆ. ಮರದ ಹಲಗೆ, ನೂರು ವರ್ಷದ್ದು. ‘ಧಂ’ ನನ್ನ ಕೈಗೂ ಬಂತು.

ಇನ್ನೊಂದು ತಂತಿ.

ಮಾರ್ಚ್ 20

ಬೆಳಿಗ್ಗೆ ನೆಲ ನಡುಗಿತು. ಸಣ್ಣದು, ಯಾರೂ ಹೊರಗೆ ಓಡಲಿಲ್ಲ. ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯ ಮುಚ್ಚಳ ಬಿದ್ದು ಗಿರಗಿರ ತಿರುಗಿತು. ಉರ್ಸುಲ ಎರಡೂ ಕೈ ಚಾಚಿ ಬೆಚ್ಚಿದಳು, ಅತ್ತಳು.

ಗಾಸ್ತೋನ್ ಅರ್ಧ ಶೇವ್ ಮಾಡಿದ ಮುಖದಲ್ಲೇ ಓಡಿ ಬಂದ. “ಕೇಳಿಸ್ತು ಕಣೇ! ಮುಚ್ಚಳ ಕೇಳಿಸ್ತು ಅವಳಿಗೆ!”

“ನೆಲ ಅಲ್ಲಾಡ್ತಲ್ಲ.”

“ಮುಚ್ಚಳ ಬಿದ್ದ ಮೇಲೆ ಬೆಚ್ಚಿದ್ದು!”

“ಮುಚ್ಚಳ ಬಿದ್ದಾಗಲೂ ನೆಲ ಅಲ್ಲಾಡ್ತಾನೇ ಇತ್ತು.”

ಸೋಪಿನ ನೊರೆ ಒರೆಸಿಕೊಂಡ. “ಅವಳಿಗೆ ಕೇಳಿಸಬಾರದು ಅಂತಲೇ ಹಟ ಹಿಡಿದಿದ್ದೀಯಾ ಹಸಿಂತಾ?” ಜನರನ್ನು ಉಕ್ಕಿನ ಹಗ್ಗದಲ್ಲಿ ಗುಡ್ಡಕ್ಕೆ ಎಳೆಯುವ ಲಿಫ್ಟ್ ನಡೆಸುವ ಕೆಲಸ ಅವನದು. ನೆಲ ನಡುಗಿದ ಮೇಲೆ ಹಗ್ಗ ಪರೀಕ್ಷಿಸಬೇಕು, ಬೇಗ ಹೋದ. ಕಣ್ಣಿಗೆ ಕಾಣುವ ಹಗ್ಗ. ಹೊಟ್ಟೆಕಿಚ್ಚಾಯಿತು.

ಹಟ ಅಲ್ಲ. ಸುಳ್ಳು ಸಂತೋಷ ಇನ್ನೊಂದು ಸಲ ತಡೆಯಲಾರೆ, ಅಷ್ಟೆ.

ಮಾರ್ಚ್ 23

ಅತ್ತೆಗೆ ಹೇಳಿದೆ. ಚಹಾ ತಣ್ಣಗಾಯಿತು.

“ನಮ್ಮನೇಲಿ ಯಾರಿಗೂ ಇಲ್ಲ,” ಎಂದರು ಮೊದಲು. ಆಮೇಲೆ, “ಬಸುರಿ ಹೊಟ್ಟೆನ ಆ ಮಷೀನಿಗೆ ಒತ್ತಿಕೊಂಡು ಕೂರ್ತಿದ್ದೆ. ಬೇಡ ಕಣೇ ಅಂದಿದ್ದೆ. ಕೇಳಿದ್ಯಾ?”

ಡಾಕ್ಟರಮ್ಮನನ್ನು ಇದೇ ಪ್ರಶ್ನೆ ಮೂರು ಸಲ ಕೇಳಿದ್ದೇನೆ. ಸಂಬಂಧ ಇಲ್ಲ ಅಂತ ಮೂರು ಸಲವೂ ಹೇಳಿದ್ದಾರೆ. ಬಿಳಿ ಪಟ್ಟಿ, ಮರದ ಹಲಗೆ — ಅವನ್ನಷ್ಟೇ ವಿವರಿಸಿದೆ. ಎದ್ದು ಹೋದರು. ಬ್ರೆಡ್ಡು ಮುಟ್ಟಲಿಲ್ಲ.

ಮಾರ್ಚ್ 24, ಬೆಳಿಗ್ಗೆ

ಅತ್ತೆ, ಅವರ ಹಿಂದೆ ಕತ್ತೆಯಂತೆ ಬೆನ್ನ ಮೇಲೆ ಹಾಸಿಗೆ ಹೊತ್ತ ಗಾಸ್ತೋನ್. ಉಣ್ಣೆ ತುಂಬಿದ ಹಳೆಯ ಹಾಸಿಗೆ, ಅತ್ತೆಯ ಮದುವೆಯದು.

“ಮಷೀನಿನ ಕೆಳಗೆ ಹಾಕು. ಸ್ಪೀಕರಿನ ಕೆಳಗೂ. ನನ್ನ ಗಂಡ ಇದರ ಮೇಲೆ ರಾತ್ರಿಯೆಲ್ಲ ಹೊರಳಾಡ್ತಿದ್ದ, ಪಕ್ಕದಲ್ಲಿದ್ದ ನನಗೇ ಗೊತ್ತಾಗ್ತಿರಲಿಲ್ಲ. ಇನ್ನು ನೆಲಕ್ಕೇನು ಗೊತ್ತಾಗ್ತದೆ.”

ನಕ್ಕೆ. ಎಷ್ಟು ದಿನವಾಗಿತ್ತು.

ದೋನ್ ಎವಾರಿಸ್ತೊ ಕೂಡ ಬಂದು ನೆಲ ನಡುಗಿಸುವ ಮಂದ್ರವನ್ನೆಲ್ಲ ಕತ್ತರಿಸಿದರು. ಈಗ ಲೂಪಿನಲ್ಲಿ ಇರುವುದು ನನ್ನ ದನಿ ಮಾತ್ರ. ಒಂದೇ ಸ್ವರ, ಒಂದೇ ಉಸಿರು, ಹದಿನಾಲ್ಕು ಸೆಕೆಂಡು. ಅಂಟಿಸುವಾಗ ಪಟ್ಟಿಯನ್ನು ಮೂಸಿ ನೋಡಿದರು. “ಈ ಅಂಟು ನನ್ನ ಮದುವೆಗಿಂತ ಹಳೇದು. ಮದುವೆ ಇನ್ನೂ ನಿಂತಿದೆ. ಅಂಟಿನ ಮಾತು ನಾನು ಹೇಳಲ್ಲ.”

ಕೋಣೆಯ ಹೊರಗೆ ಅಂಗೈ ನೆಲಕ್ಕಿಟ್ಟೆ. ಏನೂ ಇಲ್ಲ. ಕಿವಿಗೆ ಮಾತ್ರ.

ಮಾರ್ಚ್ 25

ಉರ್ಸುಲ ತಿರುಗಲಿಲ್ಲ.

ಮಾರ್ಚ್ 27

ಇಲ್ಲ. ಹಾಲು ಕುಡಿಯುತ್ತಾಳೆ, ಮಲಗುತ್ತಾಳೆ, ತನ್ನ ಮುಷ್ಟಿ ನೋಡಿಕೊಳ್ಳುತ್ತಾಳೆ. ಬಾಗಿಲ ಆಚೆ ಅವಳ ಅಮ್ಮ ಒಂದೇ ಸ್ವರ ಹಾಡುತ್ತಲೇ ಇದ್ದಾಳೆ. ಪುಡಿ ಉದುರಿ ಉದುರಿ ದನಿ ತೆಳುವಾಗುತ್ತಿದೆ. ಎರಡು ದಿನದ ಹಿಂದೆ ಉಸಿರಿನ ಕೊನೆ ಕೇಳುತ್ತಿತ್ತು, ಈಗ ಬರೀ ‘ಹ್...’

ಸೊನ್ನೆ/ಹದಿನೈದು.

ಏಪ್ರಿಲ್ 3, ಮಧ್ಯಾಹ್ನ 3.10

ಒಂದು ವಾರ ಬರೆಯಲಿಲ್ಲ, ಎಣಿಸಲೂ ಇಲ್ಲ. ಲೂಪ್ ಮಾತ್ರ ದಿನಾ ಬೆಳಿಗ್ಗೆ ಹಾಕುತ್ತಿದ್ದೆ, ದೀಪ ಹಚ್ಚಿದ ಹಾಗೆ. ನಾಳೆ ಟೆಸ್ಟ್.

ಈಗ ಆದದ್ದನ್ನು ಆದ ಹಾಗೇ ಬರೆಯಬೇಕು. ಹಾಲು ಕುಡಿಸುತ್ತಿದ್ದೆ. ಅತ್ತೆ ಹೊರಗೆ ಬಟ್ಟೆ ಒಣಹಾಕುತ್ತಿದ್ದರು. ಉರ್ಸುಲ ಕುಡಿಯುವುದನ್ನು ನಿಲ್ಲಿಸಿದಳು. ಬಾಯಿ ಬಿಟ್ಟಳು. ಮುಖವನ್ನು ಹಿಂದಿನ ಕೋಣೆಯ ಬಾಗಿಲ ಕಡೆ ತಿರುಗಿಸಿದಳು. ಹುಬ್ಬು ಗಂಟು. ಏನು ನೋಡಿದಳು ಅಂತ ನಾನೂ ನೋಡಿದೆ. ಏನೂ ಇಲ್ಲ. ಮುಚ್ಚಿದ ಬಾಗಿಲು.

ಆಮೇಲೆ ನನಗೆ ಗೊತ್ತಾಯಿತು — ಹಾಡು ನಿಂತಿತ್ತು.

ಒಳಗೆ ಹೋದೆ. ಅಂಟು ಬಿಟ್ಟಿತ್ತು. ಟೇಪು ಹಾಸಿಗೆಯ ಮೇಲೆ ಸುರುಳಿ ಬಿದ್ದಿತ್ತು. ಮೋಟರ್ ಆಗಲೂ ತಿರುಗುತ್ತಿತ್ತು, ಮೊದಲಿನಂತೆಯೇ. ನೆಲ ಬದಲಾಗಿಲ್ಲ. ಬೆಳಕು ಬದಲಾಗಿಲ್ಲ. ಹೋಗಿದ್ದು ದನಿ ಒಂದೇ.

ನನಗಿಂತ ಮೊದಲು ಅವಳಿಗೆ ಗೊತ್ತಾಯಿತು.

ಸದಾ ಇರುವ ಸದ್ದಿನ ಕಡೆ ಯಾರು ತಿರುಗುತ್ತಾರೆ? ನಾನೇ ಮರೆತಿದ್ದೆ. ಜನ ಮರೆಯಲಿ ಅಂತಲೇ ಅಲ್ಲವೆ ಹತ್ತು ವರ್ಷದಿಂದ ಇಂಥದ್ದನ್ನು ಮಾಡುತ್ತಿರುವುದು!

ಒಂದು/ಒಂದು. ಒಂದು ಸಲ ಲೆಕ್ಕಕ್ಕಿಲ್ಲ. ಹೊಟ್ಟೆ ತುಂಬಿ ತಿರುಗಿರಬಹುದು. ಅತ್ತೆಯನ್ನು ಕೂಗಿದೆ.

4.25

ಹೊಸದಾಗಿ ಅಂಟಿಸಿದೆ. ಓಡಲು ಬಿಟ್ಟು ಅರ್ಧ ಗಂಟೆಯಾಯಿತು. ಅತ್ತೆ ಒಳಗೆ, ಬಾಗಿಲು ಮುಚ್ಚಿ, ವಾಲ್ಯೂಮ್ ಗುಂಡಿಯ ಮೇಲೆ ಕೈ. ಯಾವಾಗ ಇಳಿಸುತ್ತಾರೋ ನನಗೂ ಹೇಳಬಾರದು ಅಂತ ಮಾತು. ಗೊತ್ತಿದ್ದರೆ ನನ್ನ ಮೈಯೇ ಮಗುವಿಗೆ ಹೇಳಿಬಿಡುತ್ತದೆ.

“ಉಸಿರಾಡಬಹುದಾ, ಅದೂ ಬೇಡವಾ?” ಎಂದರು ಒಳಹೋಗುವಾಗ.

ಉರ್ಸುಲ ಕುಡಿಯುತ್ತಿದ್ದಾಳೆ. ನೋಟ್‌ಬುಕ್ ತೊಡೆಯ ಮೇಲೆ. ಅವಳ ಮುಖ ನೋಡುತ್ತ ಬರೆಯುತ್ತಿದ್ದೇನೆ, ಸಾಲು ಸೊಟ್ಟ.

ದನಿ ಇದೆ. ಕುಡಿಯುತ್ತಿದ್ದಾಳೆ.

ಇದೆ.

ಇದೆ.

ಇದೆ. ಕಿಟಕಿಯಲ್ಲಿ ಹಕ್ಕಿ, ನೋಡಲಿಲ್ಲ.

ಇದೆ.

ಬಾಯಿ ಬಿಟ್ಟಳು. ತಲೆ ಬಾಗಿಲ ಕಡೆ ತಿರುಗಿತು. ದನಿ ಇಲ್ಲ.