ಹನ್ನೊಂದಕ್ಕೆ ಇವರ ಸರದಿ

ಪ್ರೀತಿಯ ಅತ್ತೆಯವರಿಗೆ,

ಮದುವೆಯಾಗಿ ಇಪ್ಪತ್ತೆರಡು ದಿನವಾದರೂ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ನಿಮ್ಮ ಮಗ ಸೀನಿದರೂ ನನಗೆ ಚಂದ.

ಶನಿವಾರ ನಮ್ಮ ಮಾನಸಿಕ ಆರೋಗ್ಯ ಕಾರ್ಯಕರ್ತರ ವಾರ್ಷಿಕ ಸಮಾವೇಶ. ಪ್ರತಿ ವರ್ಷ ಗುಣವಾದವರೊಬ್ಬರು ವೇದಿಕೆ ಹತ್ತಿ, ನಮ್ಮ ಯಾವ ಮಾತು ನೆರವಾಯಿತು, ಯಾವುದು ನೋಯಿಸಿತು ಎಂದು ನಮಗೇ ಪಾಠ ಹೇಳುತ್ತಾರೆ. ಈ ಸಲ ಇವರು ಹೆಸರು ಕೊಟ್ಟಿದ್ದಾರೆ.

ಇವರು ಆಸ್ಪತ್ರೆಯಲ್ಲಿದ್ದ ಎಂಟು ತಿಂಗಳನ್ನು ನೀವು ನೆಂಟರಿಗೆಲ್ಲ ಟ್ರೈನಿಂಗ್ ಎಂದಿದ್ದು ಗೊತ್ತು, ಅದಕ್ಕೆ ಸಿಟ್ಟಿಲ್ಲ. “ಅಮ್ಮ ಬರಲ್ಲ ಬಿಡು, ನಾಲ್ಕು ಜನ ಏನಂತಾರೋ ಅನ್ನೋ ಭಯ,” ಎಂದು ಇವರು ನಗುತ್ತಲೇ ಒಂದೇ ಶರ್ಟಿಗೆ ಮೂರು ಸಲ ಇಸ್ತ್ರಿ ಹಾಕಿದರು.

ದಯವಿಟ್ಟು ಬನ್ನಿ. ಒಳಗೆ ಕೂರಲು ಮುಜುಗರವಾದರೆ ಬಾಗಿಲಲ್ಲೇ ನಿಲ್ಲಿ. ವೇದಿಕೆಯಿಂದ ಬಾಗಿಲು ಚೆನ್ನಾಗಿ ಕಾಣುತ್ತದೆ, ನಾನೇ ಹತ್ತಿ ನೋಡಿ ಬಂದೆ.

ನಿಮ್ಮ ಸೊಸೆ