ನೂಲು ಕಡಿದಲ್ಲಿ ನಿಲ್ಲುವ ಹಾಡು

ರಾಮನಗರ
12 ಫೆಬ್ರವರಿ 2025

ಜುವೇರಿಯಾಳ ಅಬ್ಬಾ ಅವರಿಗೆ,

ಅಸ್ಸಲಾಮು ಅಲೈಕುಮ್. ಆರೋಗ್ಯವಾಗಿದ್ದೀರಿ ತಾನೆ? ಬಂಗಾಳದ ಮಾಲ್ದಾದ ಕಡೆ ಚಳಿ ಇನ್ನೂ ಬಿಟ್ಟಿಲ್ಲವೆಂದು ಟೀವಿಯಲ್ಲಿ ಹೇಳುತ್ತಿದ್ದರು. ಬೂದು ಬಣ್ಣದ ಸ್ವೆಟರು ಬ್ಯಾಗಿನ ತಳದಲ್ಲೇ ಇರುತ್ತದೆಂದು ನನಗೆ ಗೊತ್ತು, ತೆಗೆದು ಹಾಕಿಕೊಳ್ಳಿ. ಇಲ್ಲಿ ನಿಮ್ಮ ಅಮ್ಮಿಯ ಮೊಣಕಾಲು ಹಾಗೇ ಇದೆ, ಎಣ್ಣೆ ತಿಕ್ಕಿದ ದಿನ ಸ್ವಲ್ಪ ವಾಸಿ. ಜುವೇರಿಯಾಗೆ ಪರೀಕ್ಷೆ ಹತ್ತಿರ ಬಂತು. ಓದುತ್ತಿದ್ದೇನೆ ಅನ್ನುತ್ತಾಳೆ, ಆದರೆ ಕಿವಿಯಿಂದ ಇಯರ್‌ಫೋನ್ ತೆಗೆಯುವುದಿಲ್ಲ. ಅವಳು ಕೇಳುತ್ತಿರುವುದು ನಿಮ್ಮದೇ ಗಲಾಟೆ.

ಫೋನಿರುವಾಗ ಕಾಗದ ಯಾಕೆ ಅನ್ನುತ್ತೀರಿ. ಫೋನಿನಲ್ಲಿ ನಾನು ‘ಬಿಸಿನೀರು’ ಎಂಬ ಹೆಸರೆತ್ತಿದರೆ ಸಾಕು, ನಿಮಗೆ ಸಿಗ್ನಲ್ ಹೋಗಿಬಿಡುತ್ತದೆ. ಇಲ್ಲವೆಂದರೆ ಯಾರೋ ಮೇಸ್ತ್ರಿ ಕರೆಯುತ್ತಾನೆ, ಯಂತ್ರ ಕೂರಿಸುವ ಕೆಲಸ ನಿಂತುಹೋಗುತ್ತದೆ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ನೀವು ಓದದೆ ಹರಿಯುವವರಲ್ಲ.

ಹೋದ ತಿಂಗಳು ಹಾರೋಹಳ್ಳಿಯಿಂದ ಜಯಕುಮಾರ್ ಎಂಬ ಹುಡುಗ ಬಂದಿದ್ದ. ಬಾಟಲಿ ಮುಚ್ಚಳ ಮಾಡುವ ಕಾರ್ಖಾನೆಯಲ್ಲಿ ಕೆಲಸವಂತೆ. ಗಿಟಾರ್ ಬಾರಿಸುವ ಅದ್ನಾನ್ ಸರ್ ಮನೆ ಇದೇನಾ ಎಂದು ಕೇಳಿದ. ಇಲ್ಲಿ ಅದ್ನಾನ್ ಇದ್ದಾರೆ, ಅವರು ಬಾರಿಸುವುದು ಸ್ಪ್ಯಾನರು ಮಾತ್ರ ಎಂದೆ. ಅವನು ಹೋಗಲಿಲ್ಲ. ಜಗುಲಿಯಲ್ಲಿ ಕೂತು ಮೊಬೈಲಿನಲ್ಲಿ ಹಾಡು ಹಾಕಿದ. ಮೊದಲು ಮೋಟರು ಕೆಟ್ಟಿರಬೇಕು ಅಂದುಕೊಂಡೆ. ನಮ್ಮ ಶೆಡ್ಡಿನ ರೇಷ್ಮೆ ನೂಲು ಬಿಚ್ಚುವ ಯಂತ್ರದ್ದೇ ಕಟಕಟ, ಅದರ ಮೇಲೆ ತಗಡು ಎಳೆದಂತೆ ಗಿಟಾರು. ಪಲ್ಲವಿಯಿಲ್ಲ, ಚರಣವಿಲ್ಲ. ಯಾರೋ ಒಬ್ಬ ಮಾಗಡಿಯಿಂದ ಕನಕಪುರದವರೆಗಿನ ಊರುಗಳ ಹೆಸರನ್ನು ಗಂಟಲು ಒಡೆಯುವ ತನಕ ಕೂಗುತ್ತಾನೆ. ಆಮೇಲೆ ತಟಕ್ಕನೆ ಎಲ್ಲವೂ ನಿಂತು, ಒಬ್ಬರು ನಗುತ್ತಾರೆ. ಆ ನಗು ನಿಮ್ಮದು. ಮದುವೆಯಾಗಿ ಇಪ್ಪತ್ತು ವರ್ಷವಾಯಿತು. ನೀವು ಹಾಗೆ ನಕ್ಕಿದ್ದನ್ನು ನಾನು ಒಂದು ದಿನವೂ ಕೇಳಿರಲಿಲ್ಲ. ಎದುರಿಗಿದ್ದ ಹುಡುಗನಿಗೆ ಆ ನಗು ಬಾಯಿಪಾಠವಾಗಿತ್ತು, ನಗು ಬರುವುದಕ್ಕೆ ಮೊದಲೇ ಅವನು ಬೆರಳೆತ್ತಿದ. ನನಗೆಷ್ಟು ಉರಿಯಿತು ಗೊತ್ತೇ?

ಮದುವೆಗೆ ಮೊದಲು ನೀವು ‘ಬಿಸಿನೀರು’ ಎಂಬ ಒಂದು ಆಲ್ಬಮ್ ಮಾಡಿದ್ದಿರಿ, ಅದೂ ರಾಕ್ ಎನ್ನುವ ಜಾತಿಯದು. ಆಗಿನ ಕ್ಯಾಸೆಟ್ಟನ್ನು ಯಾರೋ ಯೂಟ್ಯೂಬಿಗೆ ಹಾಕಿದ್ದಾರೆ. ಯಾವುದೋ ದೇಶದವನೊಬ್ಬ, ಮಾತು ಒಂದೂ ಅರ್ಥವಾಗುವುದಿಲ್ಲ, ಆದರೂ ಬಿಡಲಾಗುತ್ತಿಲ್ಲ ಎಂದು ಅದರ ಕೆಳಗೆ ಬರೆದಿದ್ದಾನೆ. ಜುವೇರಿಯಾ ಓದಿ ಹೇಳಿದಳು. ಊರವರಿಗೆಲ್ಲ ಗೊತ್ತಿರುವ ಗಂಡ, ನನಗೊಬ್ಬಳಿಗೆ ಗೊತ್ತಿಲ್ಲ. ಅಮ್ಮಿಯನ್ನು ಕೇಳಿದರೆ ‘ಅದೆಲ್ಲ ಮುಗಿದ ಕಥೆ’ ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಅದಕ್ಕೇ ಮಾಗಡಿಯ ಬಸ್ಸು ಹತ್ತಿದೆ. ಹಾಡಿನಲ್ಲಿ ಊರುಗಳನ್ನು ಕೂಗುವ ನಟರಾಜು ಈಗ ಅಲ್ಲಿ ಸೈಕಲ್ ಶಾಪ್ ಇಟ್ಟಿದ್ದಾರೆ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಕೈಯ ಗ್ರೀಸು ಒರೆಸಿಕೊಂಡು ಎಲ್ಲ ಹೇಳಿದರು. ಡ್ರಮ್ ಬಾರಿಸುವವರು ಸಿಗಲಿಲ್ಲವಂತೆ. ನಿಮ್ಮ ಅಬ್ಬಾಜಾನ್ ಶೆಡ್ಡಿನಲ್ಲಿ ನೂಲು ಬಿಚ್ಚುತ್ತಿರುವಾಗಲೇ ನೀವು ಪಕ್ಕದಲ್ಲಿ ನಿಂತು, ಯಂತ್ರದ ಸದ್ದನ್ನೇ ತಾಳ ಮಾಡಿಕೊಂಡು ಗಿಟಾರ್ ಬಾರಿಸಿ, ಟೇಪ್ ಮಾಡಿಕೊಂಡಿರಂತೆ. ನೂಲು ಕಡಿದು ಅವರು ಯಂತ್ರ ನಿಲ್ಲಿಸಿದಾಗ ನೀವೂ ನಿಲ್ಲಿಸುತ್ತಿದ್ದಿರಿ. ಅದಕ್ಕೇ ಒಂದು ಹಾಡು ಗೇಣುದ್ದ, ಇನ್ನೊಂದು ಮುಗಿಯುವುದೇ ಇಲ್ಲ. ಮಂದಿ ಅದನ್ನೇ ಏನೋ ದೊಡ್ಡ ಪ್ರಯೋಗ ಅನ್ನುತ್ತಾರೆಂದು ನಟರಾಜು ನಕ್ಕರು. ಆಮೇಲೆ ನಗು ನಿಲ್ಲಿಸಿ, ಕ್ಯಾಸೆಟ್ಟನ್ನು ಅಬ್ಬಾಜಾನ್‌ಗೆ ಕೇಳಿಸಿದ ದಿನದ ಮಾತು ಹೇಳಿದರು.

“ಪೂರ್ತಿ ಕೇಳುದ್ರು ಕಣಮ್ಮ, ಎದ್ದೋಗಲಿಲ್ಲ. ಕೊನೇಲಿ, ‘ದಿನವೆಲ್ಲ ಇದೇ ಸದ್ದಲ್ಲಿ ಸಾಯ್ತೀನಿ, ಮನೇಗ್ ಬಂದ್ರೂ ಇದೇ ಕೇಳ್ಬೇಕೇನಪ್ಪಾ’ ಅಂದ್ರು. ಬೈದು ಹೇಳಿದ್ದಲ್ಲ, ಸುಸ್ತಾಗಿ ಹೇಳಿದ್ದು. ಅವತ್ತೇ ಅದ್ನಾನು ಗಿಟಾರ್ ಕೆಳಗಿಟ್ಬುಟ್ಟ.”

ಬಸ್ಸಿನಲ್ಲಿ ವಾಪಸು ಬರುವಾಗ ನಿಮ್ಮ ಮೇಲಿನ ಸಿಟ್ಟು ಇಳಿಯಬೇಕಿತ್ತು, ಇಳಿಯಲಿಲ್ಲ. ಅಬ್ಬಾಜಾನ್ ಒಳ್ಳೆಯವರು, ಅವರು ಹೇಳಿದ್ದು ಸುಳ್ಳಲ್ಲ. ಆ ಯಂತ್ರದ ಮುಂದೆ ಈಗ ಕೂರುವವಳು ನಾನು, ಆ ಸುಸ್ತು ನನಗೂ ಗೊತ್ತು. ಆದರೆ ಜಯಕುಮಾರ್ ಇನ್ನೊಂದು ಮಾತು ಹೇಳಿದ್ದ. ಕಾರ್ಖಾನೆಯಲ್ಲಿ ಬೇರೆ ಹಾಡು ಹಾಕಿಕೊಂಡರೆ, “ಮಿಷಿನ್ನು ಅದ್ನ ನುಂಗಾಕ್ಬುಡ್ತದೆ ಅಕ್ಕ. ಇದೊಂದೇ ಮಿಷಿನ್ ಜೊತೇಲಿ ನಡೀತದೆ. ಇದ್ ಕೇಳ್ತಿದ್ರೆ ನಾನೂ ಒಬ್ಬ ಮನುಷ್ಯ ಅಲ್ಲಿ ನಿಂತಿವ್ನಿ ಅನ್ಸುತ್ತೆ” ಎಂದ. ಇಂಥ ಮಾತನ್ನು ಅಬ್ಬಾಜಾನ್ ಇದ್ದಾಗ ಯಾರೂ ಅವರಿಗೆ ಹೇಳಲಿಲ್ಲ. ಈಗ ನಿಮಗೆ ಹೇಳಲು ಬಂದರೆ ನೀವು ಮಾಡಿದ್ದೇನು? ಅವನು ಫೋನ್ ಮಾಡಿದಾಗ ‘ಆ ಅದ್ನಾನ್ ನಾನಲ್ಲ’ ಎಂದಿರಂತೆ. ಹುಡುಗನ ಮುಖ ಇಷ್ಟು ಚಿಕ್ಕದಾಗಿತ್ತು. ನೀವು ಆ ಅದ್ನಾನ್ ಅಲ್ಲವಾದರೆ ನಾನು ಮದುವೆಯಾಗಿರುವುದು ಯಾರನ್ನು? ಗಿಟಾರ್ ಕೆಳಗಿಟ್ಟ ಸೋಲು ನಾಚಿಕೆಯ ವಿಷಯವೆಂದು ನೀವು ತಿಳಿದಿರಬಹುದು. ಹೆಂಡತಿಯ ಹತ್ತಿರವೂ ಹೇಳದಷ್ಟು ನಾಚಿಕೆಯೇ? ರೇಷ್ಮೆಗೂಡು ಬೇಯಿಸಿ ಬೆರಳಿಗೆ ಬೊಬ್ಬೆ ಬಂದಾಗ ನನ್ನ ಪಕ್ಕ ಕೂತು ಮುಲಾಮು ಹಚ್ಚಿದ್ದೀರಿ. ಆ ಹೊತ್ತಿನಲ್ಲಾದರೂ ಒಂದು ಸಾಲು ಗುನುಗಬಹುದಿತ್ತು.

ನನಗೆ ಆ ಆಲ್ಬಮ್ ಇಷ್ಟವಾಗಿದೆ ಎಂದು ಹಿಗ್ಗಬೇಡಿ. ಅರ್ಧಕ್ಕರ್ಧ ತಲೆನೋವು. ಎರಡನೆಯ ಹಾಡಂತೂ ನಾಯಿಯ ಬಾಲ ತುಳಿದಂತಿದೆ. ಬೇಡವೆಂದು ನಿಲ್ಲಿಸುತ್ತೇನೆ, ಆಮೇಲೆ ಅನ್ನ ಬಸಿಯುವಾಗ ತಾನಾಗಿ ಬಾಯಿಗೆ ಬರುತ್ತದೆ, ಹಾರೋಹಳ್ಳಿ, ಕೆಂಗಲ್, ಬೈರಾಪಟ್ಟಣ, ಊರು ಊರು ಊರು. ಮೊನ್ನೆ ಅಮ್ಮಿಯೂ ಗುನುಗುತ್ತಿದ್ದರು. ಕೇಳಿದರೆ ಇಲ್ಲವೇ ಇಲ್ಲ ಅಂದರು. ನಿಮ್ಮ ಮನೆಯವರಿಗೆ ಇಲ್ಲ ಅನ್ನುವುದು ರಕ್ತದಲ್ಲೇ ಬಂದಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ, ಅಲ್ಲಿಯ ಸಾಸಿವೆ ಎಣ್ಣೆ ಹೊಟ್ಟೆಗೆ ಒಗ್ಗದಿದ್ದರೆ ಮೊಸರನ್ನ ತಿನ್ನಿ. ಅಮ್ಮಿ ದುವಾ ಹೇಳಿದ್ದಾರೆ, ಜುವೇರಿಯಾ ಸಲಾಂ ಹೇಳಿದ್ದಾಳೆ. ಅಲ್ಲಾಹನು ನಿಮ್ಮ ಕೈಗಳನ್ನು ಕಾಪಾಡಲಿ.

ಸಿಟ್ಟಿನಲ್ಲಿಯೂ ನಿಮ್ಮವಳೇ ಆದ,
ಫಿರೋಜಾ

ವಿ.ಸೂ.: ಅಂಚೆಯವರು ಬಾಗಿಲು ಹಾಕುವುದರೊಳಗೆ ಇದನ್ನು ಕೊಡಬೇಕು, ಬೇಗ ಬರೆಯುತ್ತೇನೆ. ಇದೇ 23ರ ಭಾನುವಾರ, ರಂಜಾನ್ ಶುರುವಾಗುವ ಮೊದಲು, ಜಯಕುಮಾರನೂ ಅವನ ಜೊತೆಯವರೂ ಇಡೀ ಆಲ್ಬಮನ್ನು ನಮ್ಮ ಶೆಡ್ಡಿನಲ್ಲೇ ಬಾರಿಸುತ್ತಾರೆ. ನಟರಾಜು ಹಾಡುತ್ತಾರೆ, ಗಂಟಲಿಗೆ ಈಗಿನಿಂದಲೇ ಶುಂಠಿ ಕಷಾಯ ನಡೆದಿದೆ. ಅಬ್ಬಾಜಾನ್ ಜಾಗದಲ್ಲಿ ಯಂತ್ರ ನಡೆಸುವವಳು ನಾನು. ಒಪ್ಪಿಕೊಂಡಾಗಿದೆ, ನಿಮ್ಮನ್ನು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಗಿಟಾರಿಗೆ ಬೆಂಗಳೂರಿನಿಂದ ಯಾರನ್ನಾದರೂ ಕರೆಸುತ್ತೇವೆ ಅಂದರು. ಬೇಡ, ಆ ಜಾಗ ಖಾಲಿ ಇರಲಿ ಎಂದು ನಾನೇ ಹೇಳಿದ್ದೇನೆ.