ಹತ್ತನೆಯ ಪ್ರಶ್ನೆ

ವರ್ತೂರು
12 ಆಗಸ್ಟ್ 2025

ಪ್ರೀತಿಯ ಕೃಪಾ,

ಹೇಗಿದ್ದೀಯ? ನಿದ್ದೆ ಬರುತ್ತಿದೆಯಾ? ಎದೆಹಾಲು ಕಟ್ಟಿಕೊಂಡು ನೋವಾದರೆ ಸಹಿಸಿಕೊಂಡು ಕೂರಬೇಡ, ಡಾಕ್ಟರಿಗೆ ತೋರಿಸು. ಎಷ್ಟೋ ಸಲ ಫೋನ್ ಮಾಡಿದೆ. ನಿಮ್ಮ ತಂದೆ ಒಮ್ಮೆ ಎತ್ತಿ, "ನಿಮ್ಮನೆಯವರ ಜೊತೆ ಫೋನಲ್ಲಿ ಮಾತಿಲ್ಲಮ್ಮ" ಎಂದು ಇಟ್ಟುಬಿಟ್ಟರು. ಅವರದು ತಪ್ಪಿಲ್ಲ. ಅದಕ್ಕೇ ಈ ಕಾಗದ.

ಮೊದಲು ನಿನ್ನ ಮಗಳ ಸುದ್ದಿ. ಪುಟ್ಟಿ ಈಗ ಬೋರಲು ಬೀಳುತ್ತಾಳೆ, ವಾಪಸ್ ತಿರುಗಲು ಬಾರದೆ ನಮ್ಮನ್ನೇ ಬೈಯುವಂತೆ ಕಿರುಚುತ್ತಾಳೆ. ಬಾಟಲಿ ಹಾಲಿಗೆ ನಾಲ್ಕು ದಿನ ಮುಖ ತಿರುಗಿಸಿದಳು, ಐದನೆಯ ದಿನ ಕುಡಿದಳು. ನಿನ್ನತ್ತೆ, ಅಂದರೆ ನಮ್ಮಮ್ಮ, ಅದನ್ನು ಬೀದಿಗೆಲ್ಲ ಹೇಳಿಕೊಂಡು ಬಂದರು. ನಿನ್ನ ಹಳೆಯ ನೈಟಿಯನ್ನು ತೊಟ್ಟಿಲಲ್ಲಿ ಹಾಸಿದ್ದೆ, ಆ ವಾಸನೆಗೆ ಸುಮ್ಮನಾಗುತ್ತಿದ್ದಳು. ಅಮ್ಮ ಮೊನ್ನೆ ಅದನ್ನೂ ಬಿಸಿನೀರಿಗೆ ಹಾಕಿ ಒಗೆದರು.

ಹೆರಿಗೆ ಮಾಡಿಸಿದ ಡಾಕ್ಟರ್ ನಿನಗೆ ಕೌನ್ಸೆಲಿಂಗ್ ಬರೆದುಕೊಟ್ಟಾಗ ಮಗುವಿಗೆ ಆರು ವಾರ. ತುರ್ತು ಇಲ್ಲ, ಹದಿನಾರು ವಾರ ಕಾಯಿರಿ ಎಂದು ಆಸ್ಪತ್ರೆಯಿಂದ ಮೆಸೇಜ್ ಬಂತು. ಅಮ್ಮ ನಿನ್ನ ತಲೆಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತ, "ಮಾತಾಡಕ್ಕೂ ಕ್ಯೂ ನಿಂತ್ಕಬೇಕಾ? ನಮ್ಮನೇಲಿ ಬಾಯಿಗೇನು ಬರ ಬಂದೈತಾ?" ಎಂದಾಗ ಎಲ್ಲರೂ ನಕ್ಕೆವು. ನೀನೂ ನಕ್ಕೆ ಎಂದು ನನ್ನ ನೆನಪು. ನಿಜವಾಗಿ ನಕ್ಕಿದ್ದೆಯಾ? ಪ್ರತಿ ಸೋಮವಾರ ನೀನು ಕ್ಯಾಲೆಂಡರಿನ ಮೇಲೆ ಒಂದು ಗೆರೆ ಎಳೆಯುತ್ತಿದ್ದೆ. ಹದಿಮೂರನೆಯ ಗೆರೆ ಎಳೆದ ದಿನ ಬೆಳಿಗ್ಗೆ ಕೆಳಗಿಳಿದು, ಅಲ್ಲಿ ಬಾಡಿಗೆಗಿರುವ ರಾಣಿಯ ಮಡಿಲಿಗೆ ಪುಟ್ಟಿಯನ್ನು ಹಾಕಿ, "ಇವಳನ್ನ ನನ್ ಕೈಗೆ ಕೊಡ್ಬೇಡಿ ಅಕ್ಕ, ನಂಗೆ ನನ್ ಮೇಲೇ ಭಯ ಆಗ್ತಿದೆ" ಎಂದು ಬಸ್ ಸ್ಟಾಪಿನ ಕಡೆ ನಡೆದುಬಿಟ್ಟೆ. ಆ ಸ್ಥಿತಿಯಲ್ಲೂ ನೀನು ಮಗುವನ್ನು ಕಾಪಾಡಿದೆ ಎಂದು ಈಗ ಅನ್ನಿಸುತ್ತದೆ. ಅವತ್ತು ನಾನು ಹಾಗೆ ಹೇಳಲಿಲ್ಲ. ಮನೆಯವರನ್ನು ಚುಚ್ಚಿದ್ದು ಬೇರೆಯದೇ: ಓನರ್ ಮನೆಯ ಮಗು ಬಾಡಿಗೆಯವಳ ಮಡಿಲಲ್ಲಿ. ನಿನ್ನ ಗಂಡನಾಗುವ ಮೊದಲು ಮನು ನಾನು ಎತ್ತಿ ಬೆಳೆಸಿದ ತಮ್ಮ. ಸಂಜೆಯೊಳಗೆ ನಿನ್ನನ್ನು ಹುಡುಕಿ ಜಾಲಹಳ್ಳಿಯ ತವರಿಗೆ ಬಿಟ್ಟುಬಂದ, ಮಗುವನ್ನು ಇಟ್ಟುಕೊಂಡ. ರಾಣಿಗೂ ಮನೆ ಖಾಲಿ ಮಾಡಲು ಹೇಳಿದ್ದಾರೆ.

ಮೊನ್ನೆ ಭಾನುವಾರ ನಿಮ್ಮ ತಂದೆ ಮಗುವನ್ನು ಕೇಳಲು ಬಂದಿದ್ದರು. ಮನು ಆಸ್ಪತ್ರೆಯ ಮೆಸೇಜನ್ನು ಅವರ ಮುಂದೆ ಹಿಡಿದ. "ನೋಡಿ ಮಾವ, ತುರ್ತು ಇಲ್ಲ ಅಂತ ಅವ್ರೇ ಬರ್ದಿದ್ದಾರೆ. ಇದು ಕಾಯಿಲೆ ಅಲ್ಲ, ಕೊಬ್ಬು." ನಾನು ಮಜ್ಜಿಗೆ ತಂದಿಟ್ಟೆ. ಅವರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿ, ಲೋಟ ಮುಟ್ಟದೆ ಎದ್ದುಹೋದರು. ಬರುವ ಭಾನುವಾರ ಎರಡೂ ಕಡೆಯ ಹಿರಿಯರು ಕೂತು ಪುಟ್ಟಿ ಯಾರ ಬಳಿ ಇರಬೇಕೆಂದು ತೀರ್ಮಾನಿಸುತ್ತಾರೆ. ಆ ಮೆಸೇಜೇ ಮನುವಿನ ಸಾಕ್ಷಿ.

ಊಟ ಬಿಡಬೇಡ. ನಿಮ್ಮ ತಂದೆಗೆ ನನ್ನ ನಮಸ್ಕಾರ ತಿಳಿಸು, ಅವರು ಒಪ್ಪಿಕೊಳ್ಳುವುದಾದರೆ. ಪುಟ್ಟಿಯ ಪಾದಕ್ಕೆ ನಿನ್ನ ಪರವಾಗಿ ದಿನಾ ಒಂದು ಮುತ್ತು ಕೊಡುತ್ತಿದ್ದೇನೆ.

ನಿನ್ನ ಅಕ್ಕ,
ಎ. ಶ್ಯಾಮಲಾ

ಮರೆತ ವಿಷಯ: ಒಂದು ಮಾತು ಮರೆತಿದ್ದೆ ಎಂದು ಬರೆಯಹೊರಟೆ. ಮರೆತಿರಲಿಲ್ಲ. ಸರದಿ ಗೊತ್ತುಮಾಡಲು ಆಸ್ಪತ್ರೆ ಕಳಿಸಿದ ಹತ್ತು ಪ್ರಶ್ನೆಗಳು ಇಂಗ್ಲಿಷಿನಲ್ಲಿದ್ದವು. ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ನಾನು, ನಾನೇ ಓದಿ ಹೇಳುತ್ತೇನೆಂದು ನಿನ್ನ ಫೋನ್ ತೆಗೆದುಕೊಂಡೆ. ಹತ್ತನೆಯದು, ಪ್ರಾಣ ಕಳೆದುಕೊಳ್ಳಬೇಕು ಅನ್ನಿಸಿದೆಯೇ ಎಂದು. ನೀನು ಪುಟ್ಟಿಯ ಕಾಲುಚೀಲ ಸರಿಮಾಡುತ್ತ, "ಆಗಾಗ ಅನ್ಸುತ್ತೆ ಅಕ್ಕ" ಎಂದೆ. ನಾನು "ಎಂದೂ ಇಲ್ಲ" ಒತ್ತಿದೆ. ಆಸ್ಪತ್ರೆಯ ಖರ್ಚು ಮನುವಿನ ಆಫೀಸಿನ ಇನ್ಶೂರೆನ್ಸಿನದು, ಅಲ್ಲಿ ನಾಲ್ಕು ಜನಕ್ಕೆ ಗೊತ್ತಾಗುತ್ತದೆ ಎಂದುಕೊಂಡೆ. ಹೌದು ಎಂದವರನ್ನು ಅದೇ ದಿನ ಕರೆಯುತ್ತೇವೆಂದು ಕೆಳಗೆ ಬರೆದಿತ್ತು. ಅದನ್ನೂ ಓದಿದ್ದೆ.

ನಿನ್ನ ಸರದಿ ಇದೇ 21ನೇ ತಾರೀಖು, ಗುರುವಾರ, ಬೆಳಿಗ್ಗೆ ಹತ್ತಕ್ಕೆ. ಹೋಗು. ಭಾನುವಾರ ಹಿರಿಯರ ಮುಂದೆ ನಾನಾಗಿ ಇದನ್ನು ಹೇಳುವುದಿಲ್ಲ, ನನ್ನ ಧೈರ್ಯ ಎಷ್ಟೆಂದು ನನಗೆ ಗೊತ್ತು. ಈ ಕಾಗದವನ್ನು ನಿಮ್ಮ ತಂದೆಯ ಕೈಗೆ ಕೊಟ್ಟು ಕಳಿಸು. ಎಲ್ಲರೂ ನನ್ನತ್ತ ತಿರುಗಿದರೆ, ಸಹಿ ನನ್ನದಲ್ಲ ಎಂದೂ ಅಂದುಬಿಟ್ಟೇನು. ನಂಬಬೇಡಿ.